ಸನ್ನಿ ಸೈಡ್ ಮನೆಯ ಮೂವರು ಮಕ್ಕಳು

ಕುಕ್ಕುಂದೂರಿನಿಂದ ನಾವು ಮಡಿಕೇರಿಗೆ ಹೊರಟದ್ದು ಬೆಟ್ಟ, ಮಂಜು ನೋಡಲೆಂದಲ್ಲ. ಆಪಾಳ ಮಗ ಪಿಯುಸಿ ಎರಡನೇ ವರ್ಷದಲ್ಲಿದ್ದಾನೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ಬರೆದು ಸೈನ್ಯದಲ್ಲಿ ಆಫೀಸರ್ ಆಗುತ್ತೇನೆಂದು ಹಟ ಹಿಡಿದಿದ್ದಾನೆ. ಆಪಾ ಒಪ್ಪುತ್ತಿಲ್ಲ. ಇರುವವನು ಒಬ್ಬನೇ ಮಗ ಎಂಬುದು ಆಕೆ ಹೇಳುವ ಕಾರಣ. ಹೇಳದ ಕಾರಣ ಇನ್ನೊಂದಿತ್ತು. ಜೋಡುರಸ್ತೆಯಲ್ಲಿ ಪರಿಚಯದವರೊಬ್ಬರು ಸುದ್ದಿ ಕೇಳಿ, "ನಿಮ್ಮವರೂ ಮಿಲಿಟ್ರಿಗೆ ಸೇರ್ತಾರಾ?" ಎಂದಿದ್ದರಂತೆ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಎಂದು ಹುಡುಗನೇ ಹೇಳುತ್ತಾನೆ. ಕೆಟ್ಟ ಮನಸ್ಸಿಲ್ಲದವರು ಕೇಳಿದಾಗಲೇ ಅದು ಹೆಚ್ಚು ದಿನ ಮನಸ್ಸಿನಲ್ಲಿ ಉಳಿಯುತ್ತದೆ.

ಉರ್ದು ಶಾಲೆಯಲ್ಲಿ ನಮ್ಮ ಉಸ್ತಾದರು ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನರ ಕಥೆ ಹೇಳುತ್ತಿದ್ದರು. ದೇಶ ವಿಭಜನೆಯಾದಾಗ ಭಾರತದ ಸೈನ್ಯದಲ್ಲೇ ಉಳಿದ ಉಸ್ಮಾನರು 1948ರ ಜುಲೈ 3ರಂದು ಕಾಶ್ಮೀರದ ಝಂಗರ್‌ನಲ್ಲಿ ಮಡಿದರು. ಅವರ ಕಬರ್ ದೆಹಲಿಯ ಜಾಮಿಯಾ ಮಿಲ್ಲಿಯಾದ ಬಳಿ ಇದೆ. ಜನರಲ್ ಕೆ.ಎಸ್. ತಿಮ್ಮಯ್ಯನವರ ಹೆಸರು ಕೇಳಿದ್ದು ಕನ್ನಡ ಶಾಲೆಗೆ ಸೇರಿದ ಮೇಲೆ. ಇಬ್ಬರೂ ಒಂದೇ ಯುದ್ಧದಲ್ಲಿದ್ದವರೆಂದು ಎರಡೂ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ದೆಹಲಿ ದೂರ, ಮಡಿಕೇರಿ ಹತ್ತಿರ. ಹಾಗಾಗಿ ತಾಯಿ ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದೆ.

ತಿಮ್ಮಯ್ಯನವರ ಮನೆಯ ಹೆಸರು ಸನ್ನಿ ಸೈಡ್. ಬಹಳ ಕಾಲ ಅದರಲ್ಲಿ ಆರ್‌ಟಿಓ ಕಚೇರಿ ಇತ್ತು. ಸೇನೆಯ ಮುಖ್ಯಸ್ಥರ ಮನೆಯಲ್ಲಿ ಜನ ಡ್ರೈವಿಂಗ್ ಲೈಸೆನ್ಸಿಗೆ ಸಾಲು ನಿಲ್ಲುತ್ತಿದ್ದರು! ಕೊಡಗಿನ ಜನ ಬಿಡದೆ ಕೇಳಿದ್ದರಿಂದ ಅದು ವಸ್ತು ಸಂಗ್ರಹಾಲಯವಾಯಿತು. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು.

ಹುಡುಗ ಬಂದೂಕು, ಪದಕಗಳ ಕಡೆ ಓಡಿದ. ನಾನು ಆಪಾಳಿಗೆ ಆ ಕುಟುಂಬದ ಕಥೆ ಹೇಳತೊಡಗಿದೆ. ಕಾಫಿ ಬೆಳೆಗಾರರ ಮನೆತನ. 1906ರಲ್ಲಿ ಹುಟ್ಟಿದ ತಿಮ್ಮಯ್ಯ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತು 1926ರಲ್ಲಿ ಬ್ರಿಟಿಷರ ಸೈನ್ಯದ ಅಧಿಕಾರಿಯಾದರು. ಹೊರಗೆ ಸ್ವಾತಂತ್ರ್ಯ ಚಳವಳಿ ನಡೆಯುತ್ತಿರುವಾಗ ಈ ಸಮವಸ್ತ್ರ ತೊಡುವುದು ಸರಿಯೇ ಎಂಬ ಅಳುಕು ಆ ತರುಣನಿಗೂ ಇತ್ತು. ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಅವರನ್ನೇ ಕೇಳಿದ್ದು, ಸೈನ್ಯ ಬಿಡಬೇಡಿ, ನಾಳೆ ಸ್ವತಂತ್ರ ದೇಶಕ್ಕೆ ನೀವು ಬೇಕಾಗುತ್ತೀರಿ ಎಂಬ ಅರ್ಥದ ಉತ್ತರ ಸಿಕ್ಕಿದ್ದು ಅವರ ಜೀವನಚರಿತ್ರೆಯಲ್ಲಿ ಬರುತ್ತದೆ.

1935ರಲ್ಲಿ ಮದುವೆ. ಹೆಂಡತಿ ನೀನಾ ಕೂಡ ಕೊಡಗಿನವರೇ. ಅದೇ ವರ್ಷ ಕ್ವೆಟ್ಟಾದಲ್ಲಿ ಭೂಕಂಪವಾಗಿ ಇಡೀ ಊರು ನೆಲಸಮವಾಯಿತು. ಹೊಸ ಮದುವಣಗಿತ್ತಿ ಗಂಡನ ಜೊತೆ ಪರಿಹಾರದ ಕೆಲಸಕ್ಕಿಳಿದರು. ಆ ಸೇವೆಗೆ ನೀನಾ ಅವರಿಗೆ ಕೈಸರ್-ಎ-ಹಿಂದ್ ಪದಕ ಬಂತು. ಪದಕದ ಸಾಲಿನಲ್ಲಿ ಹೆಂಡತಿಯ ಹೆಸರೂ ಇದೆಯೆಂದಾಗ ಆಪಾ ಮೊದಲ ಬಾರಿಗೆ ನನ್ನ ಮಾತನ್ನು ಗಮನವಿಟ್ಟು ಕೇಳಿದಳು.

"ಅಣ್ಣ ತಮ್ಮಂದಿರು ಇರಲಿಲ್ವಾ?" ಎಂದು ಕೇಳಿದಳು.

ಇದ್ದರು. ನಾನು ಹೇಳಬೇಕೆಂದಿದ್ದುದೂ ಅವರ ಕಥೆಯನ್ನೇ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್‌ನಲ್ಲಿ ಜಪಾನೀಯರ ವಿರುದ್ಧ ಹೋರಾಡಿದ ತಿಮ್ಮಯ್ಯ, ಆ ಯುದ್ಧದ ರಣರಂಗದಲ್ಲಿ ಬ್ರಿಗೇಡೊಂದನ್ನು ನಡೆಸಿದ ಏಕೈಕ ಭಾರತೀಯ. ಅವರ ಅಣ್ಣ ಪೊನ್ನಪ್ಪ ನೇತಾಜಿಯವರ ಆಝಾದ್ ಹಿಂದ್ ಫೌಜ್ ಸೇರಿದ್ದರು. ಒಂದೇ ಮನೆಯ ಅನ್ನ ಉಂಡವರು ಎದುರುಬದುರು ಪಾಳೆಯದಲ್ಲಿ! 1945ರಲ್ಲಿ ಜಪಾನ್ ಸಿಂಗಾಪುರದಲ್ಲಿ ಶರಣಾದಾಗ ಭಾರತದ ಪರವಾಗಿ ಅಲ್ಲಿದ್ದವರು ತಿಮ್ಮಯ್ಯ. ಆಝಾದ್ ಹಿಂದ್ ಫೌಜ್ ಕಟ್ಟಿದ್ದೂ ಅದೇ ಊರಿನಲ್ಲಿ. ತಮ್ಮ ಸೋಮಯ್ಯ ಕೂಡ ಸೇನಾಧಿಕಾರಿ. ಕಾಶ್ಮೀರದ ಯುದ್ಧದಲ್ಲಿ ನೆಲಬಾಂಬ್ ಸಿಡಿದು ತೀರಿಕೊಂಡರು. ಇವರಲ್ಲಿ ಯಾರ ದೇಶಪ್ರೇಮ ಹೆಚ್ಚು ಎಂದು ತೂಗಲು ಯಾವ ತಕ್ಕಡಿ ಇದೆ?

ಆಪಾ ಮಾತಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಝೋಜಿಲಾ ಕಣಿವೆಗೆ ಟ್ಯಾಂಕ್‌ಗಳನ್ನು ಹತ್ತಿಸಿದ್ದನ್ನು ಹುಡುಗನೇ ಓದಿ ಹೇಳಿದ. ಆ ಎತ್ತರದಲ್ಲಿ ಟ್ಯಾಂಕ್ ಬರಬಹುದೆಂದು ಎದುರಾಳಿ ಎಣಿಸಿರಲೇ ಇಲ್ಲ. ಮುಂದಿನ ಟ್ಯಾಂಕ್‌ನಲ್ಲಿ ಮೇಜರ್ ಜನರಲ್ ತಿಮ್ಮಯ್ಯ ಸ್ವತಃ ಇದ್ದರು. "ಜನರಲ್ ಹಿಂದೆ ಕೂತ್ಕೊಂಡು ಆರ್ಡರ್ ಕೊಡೋದಲ್ವಾ, ಮಾಮೂ?" ಎಂದ.

ನನ್ನನ್ನು ಕಾಡುವುದು ಅವರ ಬೇರೆ ಕೆಲಸಗಳು. 1947ರಲ್ಲಿ ಪಂಜಾಬಿನಲ್ಲಿ ಅತ್ತಿಂದಿತ್ತ ಹರಿಯುತ್ತಿದ್ದ ನಿರಾಶ್ರಿತರನ್ನು ಜೀವಸಹಿತ ದಾಟಿಸುವ ಹೊಣೆ ಅವರ ಮೇಲಿತ್ತು. ಆ ನಿರಾಶ್ರಿತರಲ್ಲಿ ಹಿಂದೂಗಳು, ಸಿಖ್ಖರು, ಮುಸ್ಲಿಮರು ಎಲ್ಲರೂ ಇದ್ದರು. 1953ರಲ್ಲಿ ಕೊರಿಯಾದಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು. ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಆಯೋಗದ ವಶದಲ್ಲಿದ್ದರು. ಯಾವ ದೇಶಕ್ಕೆ ಹೋಗುತ್ತೀ ಎಂಬ ಪ್ರಶ್ನೆಗೆ ಯಾರ ಬಲವಂತವೂ ಇಲ್ಲದೆ ಅವರು ಉತ್ತರಿಸುವಂತೆ ನೋಡಿಕೊಳ್ಳಬೇಕಿತ್ತು.

1957ರಲ್ಲಿ ಸೇನಾ ಮುಖ್ಯಸ್ಥರಾದರು. ಎರಡು ವರ್ಷಗಳ ನಂತರ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಹೊಂದದೆ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಒತ್ತಾಯಿಸಿದ್ದಕ್ಕೆ ಹಿಂತೆಗೆದುಕೊಂಡರು. ಆಮೇಲೆ ಅದೇ ನೆಹರೂ ಸಂಸತ್ತಿನಲ್ಲಿ ಅವರ ನಡೆಯನ್ನು ಟೀಕಿಸಿದರು. ಹಿಂತೆಗೆದುಕೊಳ್ಳಬಾರದಿತ್ತು ಎಂದೇ ನನಗನಿಸುತ್ತದೆ. ಅವರು ನಿವೃತ್ತರಾದದ್ದು 1961ರಲ್ಲಿ. ಮರುವರ್ಷವೇ ಚೀನಾ ಯುದ್ಧ.

ನಿವೃತ್ತಿಯ ಬಳಿಕವೂ ಮನೆಯಲ್ಲಿ ಕೂರಲಿಲ್ಲ. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ಸೈಪ್ರಸ್‌ಗೆ ಹೋದರು. ಗ್ರೀಕ್ ಕ್ರೈಸ್ತರೂ ತುರ್ಕಿ ಮುಸ್ಲಿಮರೂ ಕಾದಾಡುತ್ತಿದ್ದ ದ್ವೀಪ ಅದು. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಾಕಾದ ರಸ್ತೆಯೊಂದಕ್ಕೆ ಅವರ ಹೆಸರಿದೆ.

ಮರಳುವಾಗ ಸುಳ್ಯದಲ್ಲಿ ಚಹಾಕ್ಕೆ ನಿಂತೆವು. ಹುಡುಗ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ. ಆಪಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು: "ಆ ಮೂವರನ್ನು ಹೆತ್ತವಳು ಯಾರಿಗೆ ಹೆಚ್ಚು ದುಆ ಮಾಡಿರಬಹುದು? ಬ್ರಿಟಿಷರ ಕಡೆ ಇದ್ದವನಿಗಾ, ಬೋಸರ ಕಡೆ ಇದ್ದವನಿಗಾ?"

ನನ್ನಲ್ಲಿ ಉತ್ತರ ಇರಲಿಲ್ಲ. ಚಹಾ ಮುಗಿಸಿ ಕಾರು ಹತ್ತಿದೆವು. ಪುತ್ತೂರು ದಾಟಿದ ಮೇಲೆ ಆಕೆಯೇ, "ಜೋಡುರಸ್ತೆಯಲ್ಲಿ ಕೇಳಿದವರು ಯಾರೂಂತ ಅವನು ನಿನಗೆ ಹೇಳಿದ್ದಾನಾ?" ಎಂದಳು. ಹೇಳಿದ್ದಾನೆ ಎಂದೆ. "ಫಾರಂ ತುಂಬಿದ ಮೇಲೆ ಅವರ ಮನೆಗೆ ಹೋಗಿ ನಾನೇ ಹೇಳಿ ಬರ್ತೇನೆ" ಎಂದು ಕಿಟಕಿಯ ಗಾಜು ಏರಿಸಿದಳು.