ಷರಾ ಕಾಲಮು ಮತ್ತು ಬೀಗದ ಕೈ

ನಿಮ್ಮ ಧರ್ಮಕೇಂದ್ರದ ಕಚೇರಿಯಲ್ಲಿ ನಿಮ್ಮ ಮನೆತನಕ್ಕೆಂದೇ ಒಂದು ಪುಟವಿರುತ್ತದೆ. ಮನೆಯ ಹಿರಿಯರ ಹೆಸರು, ಮಕ್ಕಳ ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ವಿವಾಹ, ಮರಣ, ಎಲ್ಲಕ್ಕೂ ಒಂದೊಂದು ಕಾಲಮು. ಪುಟದ ಅಂಚಿನಲ್ಲಿ 'ಷರಾ' ಎಂಬ ಇನ್ನೊಂದು ಕಿರಿದಾದ ಕಾಲಮು. ಮೊದಲಿನವು ನೀವು ಯಾರೆಂಬುದನ್ನು ಹೇಳಿದರೆ, ಈ ಕೊನೆಯದು ನೀವು ಹೇಗಿದ್ದೀರಿ ಎಂಬುದನ್ನು ಹೇಳುತ್ತದೆ. ಗಂಡ ಮನೆ ಬಿಟ್ಟು ಹೋದದ್ದು, ವಿವಾಹದ ವಿಷಯ ಧರ್ಮಸಭೆಯ ನ್ಯಾಯಮಂಡಳಿಯಲ್ಲಿರುವುದು, ಮಗನ ಕುಡಿತ, ಹೊರಗೆ ಹೇಳಿಕೊಳ್ಳಲಾಗದ ಕಾಯಿಲೆ. ಗುರುಗಳು ಮನೆಗೆ ಭೇಟಿ ಕೊಟ್ಟಾಗ ಕಣ್ಣೀರಿನೊಡನೆ ಹೇಳಿದ ಮಾತುಗಳು ಅಲ್ಲಿ ಎರಡೇ ಪದಗಳಾಗಿ ಉಳಿದಿರುತ್ತವೆ.

ಇಂತಹ ಪುಸ್ತಕಗಳ ವಿಷಯದಲ್ಲಿ ಧರ್ಮಸಭೆಯು ಮೊದಲಿನಿಂದಲೂ ಎಚ್ಚರದಿಂದಿದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 535ನೇ ನಿಯಮವು ಧರ್ಮಕೇಂದ್ರದ ದಾಖಲೆ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕೆನ್ನುತ್ತದೆ. 487ನೇ ನಿಯಮದಂತೆ ಧರ್ಮಕ್ಷೇತ್ರದ ದಫ್ತರಖಾನೆಗೆ ಬೀಗ ಹಾಕಿರಬೇಕು. ಅದರ ಬೀಗದ ಕೈ ಧರ್ಮಾಧ್ಯಕ್ಷರ ಮತ್ತು ಚಾನ್ಸಲರರ ಬಳಿ ಮಾತ್ರ ಇರಬೇಕು. ತನ್ನ ಖಾಸಗಿತನವನ್ನು ಕಾಪಾಡಿಕೊಳ್ಳುವ ಹಕ್ಕು ಪ್ರತಿಯೊಬ್ಬ ವಿಶ್ವಾಸಿಗೂ ಇದೆಯೆಂದು 220ನೇ ನಿಯಮ ಮನ್ನಿಸುತ್ತದೆ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದಿಂದಲೇ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ.

ನಮ್ಮ ದಾವಣಗೆರೆಯ ಪಾಲನಾ ಸಮಿತಿಯಲ್ಲಿ ಕುಟುಂಬ ಗಣತಿಯನ್ನು ಗಣಕಯಂತ್ರಕ್ಕೆ ಏರಿಸುವ ಪ್ರಸ್ತಾಪ ಬಂದಾಗ ಎರಡು ದಾರಿಗಳಿದ್ದವು. ಮೊದಲನೆಯದು, ಒಂದು ಕಂಪನಿ ಉಚಿತವಾಗಿ ಕೊಡುತ್ತೇನೆಂದ ಮೊಬೈಲ್ ಆ್ಯಪ್. ಪ್ರತಿಯೊಂದು ಮನೆಯವರೂ ತಮ್ಮ ಫೋನಿನಲ್ಲೇ ವಿವರ ತುಂಬಬಹುದು. ವಿವರಗಳೆಲ್ಲ ಆ ಕಂಪನಿಯ ಗಣಕಯಂತ್ರದಲ್ಲಿ ಶೇಖರವಾಗುತ್ತವೆ. ಎರಡನೆಯದು, ಯುವಜನ ಸಂಘದವರು ಸೂಚಿಸಿದ ಮುಕ್ತ ತಂತ್ರಾಂಶ. ಲಿನಕ್ಸ್, ಲಿಬ್ರೆ ಆಫೀಸ್ ಮುಂತಾದವು ಈ ಜಾತಿಯವು. ಇವುಗಳನ್ನು ರಚಿಸಿದವರು ತಮ್ಮ ಮೂಲ ಬರಹವನ್ನು ಬಚ್ಚಿಡದೆ, ಯಾರು ಬೇಕಾದರೂ ಓದಲಿ, ತಿದ್ದಲಿ, ಹಂಚಲಿ ಎಂದು ಬಿಟ್ಟುಕೊಟ್ಟಿರುತ್ತಾರೆ. 'ಮುಕ್ತ' ಎಂಬ ಶಬ್ದ ಕೇಳಿದ ಕೂಡಲೇ ಹಿರಿಯರೊಬ್ಬರು ಗಾಬರಿಯಾದರು: "ಹಂಗಾದ್ರೆ ನಮ್ಮನಿ ಸುದ್ದಿ ಎಲ್ರಿಗೂ ಮುಕ್ತಾನಾ?"

ಅವರ ಗಾಬರಿಯನ್ನು ಕಳೆದವರು ಹರಿಹರದಲ್ಲಿ ಫಿಟ್ಟರರಾಗಿ ದುಡಿದಿದ್ದ ಇನ್ನೊಬ್ಬ ಹಿರಿಯರು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಿಮಗೆ ನೆನಪಿರಬಹುದು. 1941ರಲ್ಲಿ ಆರಂಭವಾಗಿ, ಲೇತ್ ಯಂತ್ರಗಳಿಂದ ಊರೂರಿಗೆ ಹರಿಹರದ ಹೆಸರನ್ನು ಒಯ್ದ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಅದನ್ನು ನಂಬಿದ್ದ ಕುಟುಂಬಗಳ ಸಂಕಟ ಇನ್ನೊಂದು ಲೇಖನಕ್ಕೆ ಸಾಕಾಗುವಷ್ಟಿದೆ. ಫಿಟ್ಟರ್ ಹೇಳಿದ್ದಿಷ್ಟು: "ಕಂಪನಿ ಹೋತು, ಲೇತ್ ಇನ್ನೂ ತಿರುಗ್ತಾ ಐತಿ. ಯಾಕಂದ್ರೆ ಮುಚ್ಚಳ ತೆಗೆದ್ರೆ ಹಲ್ಲು ಯಾವ್ದು ಸವೆದೈತಿ ಅಂತ ಕಾಣ್ತೈತಿ, ಹೊಸದು ಮಾಡಿ ಹಾಕ್ಬಹುದು. ಈ ಉಚಿತದ ಆ್ಯಪಿನ ಮುಚ್ಚಳ ತೆಗೆಯಾಕ ಬರ್ತೈತೇನ್ರಿ ಫಾದರ್? ಆ ಕಂಪನಿ ಮುಚ್ಚಿದ್ರೆ ನಮ್ ಪುಸ್ತಕ ಯಾರ ಮನ್ಯಾಗಿರ್ತೈತಿ?"

ಮುಚ್ಚಳ ತೆಗೆದು ನೋಡುವುದು ಬೇರೆ, ಪೆಟ್ಟಿಗೆಯೊಳಗಿನ ಒಡವೆಯನ್ನು ನೋಡುವುದು ಬೇರೆ. ಬೀಗದ ರಚನೆ ವೈರಿಗೆ ತಿಳಿದಿದ್ದರೂ ಚಿಂತೆಯಿಲ್ಲ, ಬೀಗದ ಕೈಯೊಂದು ಗುಟ್ಟಾಗಿದ್ದರೆ ಸಾಕು, ಹಾಗೆ ಬೀಗವನ್ನು ರಚಿಸಬೇಕು ಎಂಬ ಅರ್ಥದ ತತ್ವವನ್ನು ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸರು 1883ರಲ್ಲೇ ಮಂಡಿಸಿದ್ದರು. ಪರೀಕ್ಷೆ ಅಪನಂಬಿಕೆಯ ಗುರುತೂ ಅಲ್ಲ. ಸಂತ ಪೌಲರು ಬೋಧಿಸಿದ್ದು ನಿಜವೋ ಎಂದು ಬೆರೋಯದ ಜನರು ದಿನದಿನವೂ ಪವಿತ್ರ ಗ್ರಂಥವನ್ನು ತೆರೆದು ನೋಡುತ್ತಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳ 17ನೇ ಅಧ್ಯಾಯ ತಿಳಿಸುತ್ತದೆ, ಅದಕ್ಕಾಗಿ ಅವರನ್ನು ಹೊಗಳುತ್ತದೆ.

ಆದರೆ ವಾಚಕರೇ, ತೆರೆದಿಟ್ಟ ಮಾತ್ರಕ್ಕೆ ಯಾರೋ ಓದಿಯೇ ಇರುತ್ತಾರೆಂದು ಭಾವಿಸಬೇಡಿ. 2024ರ ಮಾರ್ಚ್ ತಿಂಗಳಿನಲ್ಲಿ ಒಂದು ಸಂಗತಿ ಬೆಳಕಿಗೆ ಬಂತು. 'ಎಕ್ಸ್‌ಝಡ್' ಎಂಬ ಚಿಕ್ಕ ಮುಕ್ತ ತಂತ್ರಾಂಶದ ಪಾಲಕನಿಗೆ ವರ್ಷಗಟ್ಟಲೆ ನೆರವಾಗುತ್ತಾ ವಿಶ್ವಾಸ ಗಳಿಸಿದ ಅಪರಿಚಿತನೊಬ್ಬ, ಕೊನೆಗೆ ಅದರಲ್ಲಿ ಕಳ್ಳಬಾಗಿಲೊಂದನ್ನು ಇರಿಸಿದ್ದ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರಿಗೆ ತಮ್ಮ ಯಂತ್ರ ಅರ್ಧ ಸೆಕೆಂಡಿನಷ್ಟು ತಡಮಾಡುತ್ತಿದೆಯೆಂಬ ಅನುಮಾನ ಬಂತು. ಮೂಲ ಹುಡುಕುತ್ತ ಹೋಗಿ ಅದನ್ನು ಹಿಡಿದರು. ತೆರೆದ ಮನೆಯಾದ್ದರಿಂದ ಕಳ್ಳ ಒಳಬಂದ. ತೆರೆದ ಮನೆಯಾದ್ದರಿಂದಲೇ ಸಿಕ್ಕಿಬಿದ್ದ. ಮುಕ್ತ ತಂತ್ರಾಂಶವನ್ನು ಮಂತ್ರದಂತೆ ಜಪಿಸುವ ನಮ್ಮ ಯುವಕರಿಗೆ ಈ ಕಥೆಯನ್ನು ನಾನು ಎರಡು ಸಲ ಹೇಳಿದೆ. ಹೇಳಿಯೂ ಅವರ ಪಕ್ಷಕ್ಕೇ ಸೇರಿದೆ. ಮುಚ್ಚಿದ ಮನೆಯಲ್ಲಿ ಕಳ್ಳನಿದ್ದರೆ ಯಜಮಾನನು ಹೇಳಿದಾಗಲೇ ನಮಗೆ ಗೊತ್ತಾಗುವುದು.

ಇಷ್ಟಾದರೂ ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಕಳ್ಳರ ವಿಷಯವಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಒಂದು ಧರ್ಮಕೇಂದ್ರದಲ್ಲಿ (ಹೆಸರು ಬೇಡ) ದಿನಸಿ ಕಿಟ್ ಪಡೆದವರ ಪಟ್ಟಿಯನ್ನು ಉತ್ಸಾಹಿ ಸ್ವಯಂಸೇವಕರೊಬ್ಬರು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಹೆಸರಿನ ಮುಂದೆ ಕಾರಣವೂ ಇತ್ತು. 'ಗಂಡ ಬಿಟ್ಟಿದ್ದಾನೆ' ಎಂಬ ಷರಾ ಇದ್ದ ತಾಯಿಯೊಬ್ಬರು, ದೇವಾಲಯ ಮತ್ತೆ ತೆರೆದ ಮೇಲೂ ಎಷ್ಟೋ ಭಾನುವಾರ ಬಲಿಪೂಜೆಗೆ ಬರಲಿಲ್ಲ. ವಾಟ್ಸ್‌ಆ್ಯಪಿನ ಗೂಢಲಿಪಿ ಬಳಸುವುದು ಸಿಗ್ನಲ್ ಎಂಬ ಮುಕ್ತ ವಿಧಾನವನ್ನೇ. ದಾರಿಯಲ್ಲಿ ಯಾರೂ ಅದನ್ನು ಒಡೆಯಲಿಲ್ಲ. ಗುಂಪಿನಲ್ಲಿದ್ದ ನೂರಾರು ಫೋನುಗಳಿಗೂ ಪಟ್ಟಿ ಭದ್ರವಾಗಿಯೇ ತಲುಪಿತು. ಆ ತಾಯಿಯ ಮಗಳು ಓದಿದ್ದು ತನ್ನ ಗೆಳತಿಯ ಫೋನಿನಲ್ಲಿ.

ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಸೆಪ್ಟೆಂಬರ್ 8ರ ಹಬ್ಬಕ್ಕೆ ನಡೆದು ಬರುವವರನ್ನು ನೀವು ಕಂಡಿದ್ದೀರಿ. ಯಾವ ಮತದವರೇ ಇರಲಿ, ಮನೆಯಲ್ಲಿಯೂ ಹೇಳದ ನೋವನ್ನು ಆ ತಾಯಿಯ ಮುಂದೆ ತುಟಿಯಲುಗಿಸದೆ ಹೇಳಿ ಹೋಗುತ್ತಾರೆ. ಇಂದು ಅನೇಕ ಕ್ಷೇತ್ರಗಳು ಪ್ರಾರ್ಥನಾ ಕೋರಿಕೆಗಳನ್ನು ಫೋನಿನ ಮೂಲಕವೂ ಸ್ವೀಕರಿಸುತ್ತಿವೆ. ದೂರದಲ್ಲಿರುವವರಿಗೆ ಅದರಿಂದ ಉಪಕಾರವಿದೆ. ಆದರೂ ಕಾಯಿಲೆಯ ಹೆಸರನ್ನು ಹೀಗೆ ಬರೆದು ಕಳುಹಿಸುವ ಮುನ್ನ, ಅದು ಯಾರ ಯಂತ್ರದಲ್ಲಿ ಎಷ್ಟು ಕಾಲ ಉಳಿಯುತ್ತದೆಂದು ಕೇಳಿಕೊಳ್ಳಿ. ಕೇಳಿದರೆ ಮಾತೆಗೆ ಬೇಸರವಾಗುವುದಿಲ್ಲ.

ಕೊನೆಗೆ ಸಮಿತಿಯು ಹೀಗೆ ನಿರ್ಧರಿಸಿತು. ಉಚಿತ ಆ್ಯಪ್ ಬೇಡ. ಕಚೇರಿಯ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ, ಲಿಬ್ರೆ ಆಫೀಸಿನ ಕಡತವೊಂದರಲ್ಲಿ ಗುಪ್ತಪದದ ಬೀಗದೊಳಗೆ ಗಣತಿಯನ್ನು ಇಡುವುದು. ಗುಪ್ತಪದ ಮರೆತರೆ ಆ ಕಡತವನ್ನು ತೆರೆದುಕೊಡುವವರು ಯಾರೂ ಇಲ್ಲವಾದ್ದರಿಂದ ಅದನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಮೊಹರು ಮಾಡಿ ಕಬ್ಬಿಣದ ಬೀರುವಿನಲ್ಲಿ ಇಡುವುದು. ತಿಂಗಳಿಗೊಮ್ಮೆ ಪ್ರತಿ ತೆಗೆಯಲು ಮತ್ತು ತಂತ್ರಾಂಶವನ್ನು ನವೀಕರಿಸಲು ಇಬ್ಬರಿಗೆ ಹೊಣೆ. ಷರಾ ಕಾಲಮನ್ನು ಗಣಕಯಂತ್ರಕ್ಕೆ ಏರಿಸುವುದೇ ಬೇಡ. ಅದು ಹಳೆಯ ಪುಸ್ತಕದಲ್ಲಿ, ಗುರುಗಳ ಕೈಬರಹದಲ್ಲಿ ಉಳಿಯಲಿ.

ಸಭೆ ಮುಗಿದು ಚಹಾ ಕುಡಿಯುವಾಗ ಫಿಟ್ಟರ್ ಮತ್ತೆ ಕೇಳಿದರು: "ಫಾದರ್, ನಿಮಗೆ ವರ್ಗ ಆದ್ರೆ?" ಗುರುಗಳು ನಕ್ಕು ನಡಾವಳಿ ಪುಸ್ತಕವನ್ನು ಮತ್ತೆ ತೆರೆದರು. ವರ್ಗಾವಣೆಯ ದಿನ ಬೀರುವಿನ ಬೀಗದ ಕೈಯೊಡನೆ ಲಕೋಟೆಯನ್ನೂ ಹೊಸ ಗುರುಗಳಿಗೆ ಒಪ್ಪಿಸಿ, ಅಂದೇ ಗುಪ್ತಪದವನ್ನು ಬದಲಿಸತಕ್ಕದ್ದು ಎಂದು ಒಂದು ಸಾಲು ಸೇರಿಸಿ, ನಮ್ಮೆಲ್ಲರಿಂದ ಸಹಿ ಪಡೆದರು.