ನೀರಿಳಿದಾಗ ಕಂಡ ಊರು

ಏಪ್ರಿಲ್ ತಿಂಗಳ ಎರಡನೇ ವಾರ. ಮಗನ ಒಂಬತ್ತನೇ ತರಗತಿಯ ಪರೀಕ್ಷೆ ಮುಗಿದು ನಾಲ್ಕು ದಿನವೂ ಆಗಿರಲಿಲ್ಲ, ಹತ್ತನೇ ತರಗತಿಯ ಪಾಠ ಶುರುವಾಗುವ ಸಂಭ್ರಮ ಮನೆಯಲ್ಲಿ. ಸಂಭ್ರಮ ನನಗೆ, ಸಂಕಟ ಅವನಿಗೆ. ರಜೆಯಲ್ಲೇ ಅರ್ಧ ಪಾಠ ಮುಗಿಸಿಕೊಡುತ್ತೇವೆಂದ ಟ್ಯೂಷನ್ನಿನವರಿಗೆ ಮುಂಗಡ ಹಣ ಕಟ್ಟಿ ರಸೀತಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ. ರಾತ್ರಿ ಊಟಕ್ಕೆ ಕುಳಿತಾಗ ಅವ್ವ ಮಾತು ತೆಗೆದಳು.

"ನೀರು ಇಳಿದೈತಂತೆ ಕಣ್ಲಾ. ಒಂದ್ಸಲ ನಮ್ಮೂರ ನೋಡ್ಕಂಡು ಬರಾನ."

ಅವ್ವನ ತವರು ಹೇಮಾವತಿ ದಂಡೆಯ ಒಂದು ಸಣ್ಣ ಹಳ್ಳಿ. ಗೊರೂರಿನ ಬಳಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೆ ನಾಲ್ಕು ವರ್ಷ ಮುಂಚೆಯೇ ತಾತ ಗಾಡಿಗೆ ಸಾಮಾನು ಹೇರಿಕೊಂಡು ಊರು ಬಿಟ್ಟಿದ್ದರಂತೆ. ಆಗ ಅವ್ವನಿಗೆ ಹದಿಮೂರು ವರ್ಷ. ಈಗ ಅರವತ್ತಮೂರು. ಈ ಐವತ್ತು ವರ್ಷಗಳಲ್ಲಿ ಆಕೆ ಒಮ್ಮೆಯೂ ಅತ್ತ ಹೋಗಿರಲಿಲ್ಲ, ನಾವೂ ಕರೆದುಕೊಂಡು ಹೋಗಿರಲಿಲ್ಲ. "ಟ್ಯೂಷನ್ ಇದೆಯಲ್ಲವ್ವಾ" ಎಂದೆ. ಅವ್ವ ಮಾತಾಡಲಿಲ್ಲ. ಸುಮ್ಮನೆ ತಟ್ಟೆ ಎತ್ತಿಕೊಂಡು ಎದ್ದಳು. ಅವ್ವನ ಮೌನಕ್ಕೆ ಉತ್ತರ ಕೊಡುವ ಶಕ್ತಿ ನನಗೆ ಎಂದೂ ಇಲ್ಲ. ಮೂರು ದಿನದ ಮಟ್ಟಿಗೆ ಎಂದು ಹೇಳಿ ಕಾರು ಹೊರಡಿಸಿದೆ.

ಹೇಗೂ ಹೋಗುತ್ತೇವಲ್ಲ, ಹುಡುಗನಿಗೆ ನಾಲ್ಕು ಜಾಗ ತೋರಿಸಿದರೆ ಚರಿತ್ರೆ ಪಾಠಕ್ಕೂ ಆದೀತು ಎಂಬುದು ನನ್ನ ಲೆಕ್ಕ. ತಂದೆತಾಯಿಗಳ ಬುದ್ಧಿ ಅಷ್ಟೆ, ಪ್ರವಾಸದಲ್ಲೂ ಅಂಕ ಹುಡುಕುತ್ತದೆ. ನಸುಕಿನಲ್ಲೇ ಬೆಂಗಳೂರು ಬಿಟ್ಟವರು ಕುಣಿಗಲ್, ಹಿರೀಸಾವೆ ದಾಟಿ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬಿಸಿಲೇರುವ ಮೊದಲೇ ಬಂದೆವು. ಏಪ್ರಿಲ್ ಬಿಸಿಲಿನಲ್ಲಿ ಆ ಬಂಡೆಯ ಮೇಲೆ ಬರಿಗಾಲಿನಲ್ಲಿ ನಡೆದವರಿಗೇ ಗೊತ್ತು, ಅದು ಕಾದ ಹೆಂಚು. ಬೆಳಗ್ಗೆ ಬೇಗ ಹತ್ತುವುದೇ ಜಾಣತನ.

ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಡೋಲಿಯವರು ಅವ್ವನನ್ನು ಕರೆದರು. "ನಾನೇನ್ ಕಾಯಿಲೆಯೋಳಾ?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಮಂಡಿ ಹಿಡಿದುಕೊಂಡು, ನಿಂತು ನಿಂತು, ನಮಗಿಂತ ಹತ್ತೇ ನಿಮಿಷ ತಡವಾಗಿ ಮೇಲೆ ಬಂದಳು. ಗಂಗರ ರಾಜ ರಾಚಮಲ್ಲನ ಮಂತ್ರಿ ಚಾವುಂಡರಾಯ 981ರಲ್ಲಿ ನಿಲ್ಲಿಸಿದ ಆ ಮೂರ್ತಿಯ ಎತ್ತರ ಸುಮಾರು 58 ಅಡಿ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟುಕೊಟ್ಟು ತಪಸ್ಸಿಗೆ ನಿಂತ ಬಾಹುಬಲಿ. ಕಾಲ ಬುಡದಲ್ಲಿ ಹುತ್ತ, ತೊಡೆ ತೋಳುಗಳಿಗೆ ಬಳ್ಳಿ. ನೋಡಿ ಬಂದ ಅವ್ವ ಹೊರಗೆ ಎದುರಿಗಿದ್ದ ಗುಳ್ಳಕಾಯಜ್ಜಿಯ ಮುಂದೆ ಕುಳಿತುಬಿಟ್ಟಳು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಮೂರ್ತಿಯ ತೊಡೆಯಿಂದ ಕೆಳಗೆ ಇಳಿಯಲಿಲ್ಲವಂತೆ. ಆಗ ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ತೊಟ್ಟು ಹಾಲು ಇಡೀ ಮೂರ್ತಿಯನ್ನು ತೋಯಿಸಿ ಬೆಟ್ಟದ ಕೆಳಗೂ ಹರಿಯಿತೆಂದು ಕಥೆ. "ಇವಳ ಹೆಸರೇನು ಅಂತ ಯಾರೂ ಕೇಳಲಿಲ್ಲ ನೋಡು" ಎಂದಳು ಅವ್ವ.

ಎದುರಿನ ಚಿಕ್ಕಬೆಟ್ಟಕ್ಕೆ, ಅಂದರೆ ಚಂದ್ರಗಿರಿಗೆ, ಜನ ಹೋಗುವುದು ಕಡಿಮೆ. ಆದರೆ ಹಳೆಯದು ಅದೇ. ಅಲ್ಲಿನ ಚಾವುಂಡರಾಯ ಬಸದಿಯಲ್ಲಿ ಕುಳಿತ ನೇಮಿನಾಥನನ್ನು ನೋಡಿ ಮಗ ಮೆಲ್ಲಗೆ ಕೇಳಿದ: "ಅಪ್ಪಾ, ಇದು ಬುದ್ಧ ಅಲ್ವಾ?" ಗದರಬೇಕೆಂದುಕೊಂಡೆ. ಗದರುವ ಮೊದಲು ವ್ಯತ್ಯಾಸ ಹೇಳಬೇಕಲ್ಲ! ನನಗೂ ತಟ್ಟನೆ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಮ್ಮ ಮಾನ ಉಳಿಸಿದರು. "ಬುದ್ಧನ ಮೈಮೇಲೆ ಚೀವರ ಇರುತ್ತೆ ಮಗು. ಜಿನನಿಗೆ ಬಟ್ಟೆಯೂ ಇಲ್ಲ, ಒಡವೆಯೂ ಇಲ್ಲ. ತಲೆಯ ಮೇಲೆ ಮೂರು ಕೊಡೆ ನೋಡು. ಪಕ್ಕದಲ್ಲಿ ಯಕ್ಷ ಯಕ್ಷಿ ನೋಡು." ಹುಡುಗ ತಪ್ಪು ಕೇಳಿದ್ದನೆಂದು ಹೇಳಲಾರೆ. ಬುದ್ಧ, ಮಹಾವೀರ ಹೆಚ್ಚುಕಡಿಮೆ ಒಂದೇ ಕಾಲದವರು, ಒಂದೇ ಮಗಧದ ಸುತ್ತಮುತ್ತ ಓಡಾಡಿದವರು. ಚಂದ್ರಗುಪ್ತ ಮೌರ್ಯ ರಾಜ್ಯ ಬಿಟ್ಟು ಭದ್ರಬಾಹು ಮುನಿಗಳೊಡನೆ ಇದೇ ಬೆಟ್ಟಕ್ಕೆ ಬಂದು ಸಲ್ಲೇಖನದಿಂದ ದೇಹ ಬಿಟ್ಟನೆಂದು ಜೈನ ಪರಂಪರೆ ಹೇಳುತ್ತದೆ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಆ ಕಥೆಯನ್ನು ಪುಟ್ಟ ಪುಟ್ಟ ಚಿತ್ರಗಳಾಗಿ ಕೆತ್ತಿದ್ದಾರೆ. ಅವನ ಮೊಮ್ಮಗ ಅಶೋಕ ಬೌದ್ಧನಾದ. ಅವನ ಶಾಸನಗಳು ನಮ್ಮ ಮಸ್ಕಿ, ಬ್ರಹ್ಮಗಿರಿ, ಸನ್ನತಿಗಳಲ್ಲಿವೆ. "ಅಜ್ಜ ಜೈನ, ಮೊಮ್ಮಗ ಬೌದ್ಧ. ಜಗಳ ಆಗಲಿಲ್ವಾ?" ಎಂದ ಮಗ. "ಅಜ್ಜಂಗೂ ಮೊಮ್ಮಗಂಗೂ ಎಲ್ಲಾದ್ರೂ ಜಗಳ ಆಯ್ತದಾ? ಜಗಳ ಏನಿದ್ರೂ ಅಪ್ಪಂಗೂ ಮಗಂಗೂ" ಎಂದು ಅವ್ವ ನನ್ನ ಕಡೆ ನೋಡಿದಳು.

ಆ ರಾತ್ರಿ ಹೊಳೆನರಸೀಪುರದ ಚಿಕ್ಕವ್ವನ ಮನೆಯಲ್ಲಿ ಮುದ್ದೆ, ಬಸ್ಸಾರು. ಊರ ಮಗ್ಗುಲಲ್ಲೇ ಹೇಮಾವತಿ, ಊರೊಳಗೆ ಲಕ್ಷ್ಮೀನರಸಿಂಹ. ಹೊಳೆ, ನರಸಿಂಹ ಎರಡೂ ಸೇರಿ ಊರ ಹೆಸರು. ಅಕ್ಕತಂಗಿಯರಿಬ್ಬರೂ ಮಲಗಿದ್ದು ಯಾವಾಗಲೋ ತಿಳಿಯದು. ಕತ್ತಲಲ್ಲಿ ಅವರು ಮುಳುಗಿದ ಊರಿನ ಮನೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದುದು ಕೇಳುತ್ತಿತ್ತು.

ಮರುದಿನ ಬೆಳಗ್ಗೆ ಹಾಸನ ದಾಟಿ ಬೇಲೂರು ರಸ್ತೆಯ ದೊಡ್ಡಗದ್ದವಳ್ಳಿಗೆ ಹೋದೆವು. ಬೇಲೂರು, ಹಳೇಬೀಡುಗಳಿಗೆ 2023ರಲ್ಲಿ ಸೋಮನಾಥಪುರದ ಜೊತೆಗೆ ವಿಶ್ವಪರಂಪರೆಯ ಪಟ್ಟ ಸಿಕ್ಕಿತು. ಅವುಗಳ ದಾರಿಯಲ್ಲೇ ಇರುವ ಈ ಊರಿನಲ್ಲಿ ಬಸ್ಸು ಇಳಿಯುವವರು ಕಡಿಮೆ. ಕೆರೆಯ ದಂಡೆಯ ಲಕ್ಷ್ಮೀದೇವಿ ಗುಡಿ ಬೇಲೂರಿನ ಗುಡಿಗಿಂತಲೂ ಕೆಲವು ವರ್ಷ ಹಳೆಯದು. ವಿಷ್ಣುವರ್ಧನನ ಕಾಲದಲ್ಲಿ ಇದನ್ನು ಕಟ್ಟಿಸಿದ್ದು ರಾಜನಲ್ಲ, ಕುಲ್ಲಹಣ ರಾಹುತನೆಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿಗಳು, ಒಂದರಲ್ಲಿ ಕಾಳಿ, ಅವಳ ಬಾಗಿಲಲ್ಲಿ ಎಲುಬು ಕಾಣುವ ಬೇತಾಳಗಳು. ಮಗ ಸೆಲ್ಫಿ ತೆಗೆದುಕೊಂಡಿದ್ದು ಬೇತಾಳದ ಜೊತೆಗೆ.

ಹೊಯ್ಸಳರ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಉಳಿಗೆ ಸುಲಭ, ಗಾಳಿಬಿಸಿಲಿಗೆ ಬಂದ ಮೇಲೆ ಗಟ್ಟಿ. ಅದಕ್ಕೇ ಅಷ್ಟು ನವಿರಾದ ಕೆತ್ತನೆ. ಇದನ್ನು ಮಗನಿಗೆ ವಿವರಿಸುತ್ತಿದ್ದಾಗ ಅವ್ವ ನಡುವೆ ಬಾಯಿ ಹಾಕಿದಳು: "ಬಳಪ ಅಂದ್ರೆ ನಾವು ಸ್ಲೇಟಲ್ಲಿ ಬರೀತಿದ್ವಲ್ಲ, ಅದೇಯಾ?" ಹೌದೆಂದೆ. ಆಕೆ ಗೋಡೆಯ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತಳು.

ಮಧ್ಯಾಹ್ನ ಶೆಟ್ಟಿಹಳ್ಳಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಇಗರ್ಜಿ ಈಗ ಹಿನ್ನೀರಿನ ನಡುವೆ ಸೂರಿಲ್ಲದೆ ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಗೆಯಲ್ಲಿ ಪೂರ್ತಿ ಮೇಲೆ ಬರುತ್ತದೆ. ಚಿತ್ರ ತೆಗೆಯಲು ಬಂದವರ ಕಾರುಗಳು ಸಾಲಾಗಿ ನಿಂತಿದ್ದವು. ಎಲ್ಲರಿಗೂ ಅದು ಚೆಂದದ ಪಾಳು. ಅವ್ವ ಮಾತ್ರ, "ಈ ಊರೋರೂ ಎತ್ಲಾಗೋ ಹೋದ್ರು, ಪಾಪ" ಎಂದಳು.

ಅಲ್ಲಿಂದ ಮುಂದಿನ ದಾರಿ ಮೊಬೈಲಿನ ನಕ್ಷೆಗೆ ಗೊತ್ತಿರಲಿಲ್ಲ. ದನ ಕಾಯುತ್ತಿದ್ದವರನ್ನು ಕೇಳಿಕೊಂಡು, ಕೊನೆಗೆ ಕಾರು ಬಿಟ್ಟು, ಬಿರುಕು ಬಿಟ್ಟ ಎರೆಮಣ್ಣಿನ ಮೇಲೆ ನಡೆದೆವು. ಊರು ಎನ್ನುವಂಥದ್ದು ಏನೂ ಇರಲಿಲ್ಲ. ಒಂದು ಬಾವಿಯ ಕಟ್ಟೆ, ಮೋಟಾದ ಹುಣಸೆ ಬುಡಗಳು, ಕೆಸರಿನಲ್ಲಿ ಹೂತ ಪಾಯದ ಕಲ್ಲುಗಳ ಸಾಲು. ಅವ್ವ ಅಂಥ ಬಿಸಿಲಿನಲ್ಲೂ ಸರಸರ ನಡೆದು ಬಾವಿಯ ಹತ್ತಿರ ನಿಂತಳು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಹೆಜ್ಜೆ ಎಣಿಸಿದಳು. "ಇದು ನಮ್ಮಟ್ಟಿ" ಎಂದಳು. ಅಲ್ಲಿ ನಮಗೆ ಕಂಡದ್ದು ಮಣ್ಣು. ಅಳುತ್ತಾಳೆಂದು ನಾನು ಹೆದರಿದ್ದೆ. ಅಳಲಿಲ್ಲ. ಮೊಮ್ಮಗನ ಕೈ ಹಿಡಿದು ಇನ್ನೊಂದು ಪಾಯದ ಕಡೆ ಹೊರಟಳು.

"ಇದು ಇಸ್ಕೂಲು. ನಾನಿಲ್ಲಿ ಏಳನೇ ಕ್ಲಾಸು. ಪಬ್ಲಿಕ್ ಪರೀಕ್ಷೆಗೆ ಎರಡು ತಿಂಗಳೈತೆ ಅನ್ನುವಾಗ ಊರು ಬಿಟ್ವಿ. ಹೋದ ಕಡೆ ಇಸ್ಕೂಲು ದೂರ. ಹೆಣ್ಣುಡುಗಿ ಒಬ್ಬಳೇ ಹೆಂಗೋಯ್ತಾಳೆ ಅಂದ್ರು. ಅಲ್ಲಿಗೆ ಮುಗೀತು."

ನಲವತ್ತು ವರ್ಷ ಈಕೆಯ ಮಗನಾಗಿದ್ದೇನೆ. ಅವ್ವ ಏಳನೇ ತರಗತಿ ಓದಿದ್ದಾಳೆಂದೇ ತಿಳಿದಿದ್ದೆ. ಪರೀಕ್ಷೆ ಬರೆಯಲಿಲ್ಲವೆಂದು ನನಗೆ ಗೊತ್ತಿರಲಿಲ್ಲ. ನಾನೂ ಕೇಳಿರಲಿಲ್ಲ. ನನ್ನ ಎಸ್ಸೆಸ್ಸೆಲ್ಸಿ ದಿನಗಳಲ್ಲಿ ಬೆಳಗಿನ ನಾಲ್ಕಕ್ಕೆ ಎದ್ದು ಕಾಫಿ ಕಾಯಿಸಿಕೊಟ್ಟು, ನಾನು ಓದುವುದನ್ನು ಗೋಡೆಗೊರಗಿ ನೋಡುತ್ತಾ ಕೂತಿರುತ್ತಿದ್ದಳು. ನಿದ್ದೆ ಬರಬಾರದೆಂದು ನನ್ನನ್ನು ಕಾಯುತ್ತಿದ್ದಾಳೆ ಎಂದುಕೊಂಡಿದ್ದೆ.

"ನಿಮಗೆ ಎಷ್ಟನೇ ರ‍್ಯಾಂಕ್ ಬರ್ತಿತ್ತು ಅಜ್ಜಿ?" ಎಂದ ಮಗ.

"ಲೆಕ್ಕದಲ್ಲಿ ನಾನೇ ಫಸ್ಟು" ಎಂದಳು, ಸಂಕೋಚದಿಂದ.

ಆ ಜಲಾಶಯದ ಪೂರ್ಣ ಮಟ್ಟ 2922 ಅಡಿ. ಹಿಡಿಯುವ ನೀರು ಸುಮಾರು 37 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರು. ಹುಡುಗ ಅಲ್ಲೇ ಮೊಬೈಲಿನಲ್ಲಿ ಗುಣಿಸಿ ಒಂದು ಲಕ್ಷ ಕೋಟಿ ಲೀಟರಿಗೂ ಮೇಲಾಯಿತೆಂದು ಬಾಯಿ ಬಿಟ್ಟ. ಆ ನೀರು ಹಾಸನ, ಮಂಡ್ಯದ ಗದ್ದೆಗಳಿಗೆ ಹೋಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗದೊಳಗೆ ಹಾದು ತುಮಕೂರಿನ ಕಡೆಗೂ ಹೋಗುತ್ತದೆ. ತುಮಕೂರಿನಲ್ಲಿ ನಲ್ಲಿ ತಿರುಗಿಸಿದವರಿಗೆ ಈ ಶಾಲೆಯ ಸುದ್ದಿ ತಿಳಿಯುವ ಬಗೆ ಎಂತು? ಅವ್ವನಿಗೆ ಹೇಳಿದೆ. "ಕುಡೀಲಿ ಬಿಡು. ನೀರು ಯಾರದ್ದಾದ್ರೂ ಗಂಟ್ಲಿಗೆ ಹೋಗಬೇಕಲ್ಲ" ಎಂದಳು. ಮಗ ಪಾಯದ ಹತ್ತಿರ ಬಿದ್ದಿದ್ದ ಹೆಂಚಿನ ಚೂರೊಂದನ್ನು ಒರೆಸಿ ಚೀಲಕ್ಕೆ ಹಾಕಿಕೊಂಡ.

ಮೂರನೆಯ ದಿನ ಅರಕಲಗೂಡು ಹಾದು ಕಾವೇರಿ ದಂಡೆಯ ರಾಮನಾಥಪುರಕ್ಕೆ ಬಂದು, ರಾಮೇಶ್ವರನಿಗೆ ಕೈಮುಗಿದು, ಹೊಳೆಯ ಮೀನುಗಳಿಗೆ ಪುರಿ ಹಾಕಿದೆವು. ಸಂಗೀತ ವಿದ್ವಾಂಸ ಆರ್.ಕೆ. ಶ್ರೀಕಂಠನ್ ಅವರ ಹುಟ್ಟೂರು ರುದ್ರಪಟ್ಟಣ ಇದೇ ತಾಲ್ಲೂಕಿನದು. ಅಲ್ಲಿ ತಂಬೂರಿಯ ಆಕಾರದ ಮಂದಿರವೇ ಇದೆ. ಹಿಂತಿರುಗಬೇಕಿತ್ತು. ಆದರೆ ಮಗ ಪಟ್ಟು ಹಿಡಿದ. "ನಿಜವಾದ ಬುದ್ಧನನ್ನು ನೋಡಿಯೇ ಹೋಗೋಣ." ಕೊಣನೂರು, ಕುಶಾಲನಗರದ ದಾರಿಯಾಗಿ ಬೈಲಕುಪ್ಪೆ ಅಷ್ಟೇನೂ ದೂರವಿಲ್ಲ. ಅದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು.

ಟಿಬೆಟ್ ಬಿಟ್ಟು ಬಂದವರಿಗೆ 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಇಲ್ಲಿ ಜಾಗ ಕೊಟ್ಟಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ನಾಮ್ಡ್ರೋಲಿಂಗ್ ಮಠವನ್ನು ಪೆನೋರ್ ರಿನ್ಪೋಚೆ 1963ರಲ್ಲಿ ಸ್ಥಾಪಿಸಿದರು, ಚಿನ್ನದ ಬಣ್ಣದ ದೇಗುಲ ಆದದ್ದು 1999ರಲ್ಲಿ. ಒಳಗೆ ನಡುವೆ ಬುದ್ಧ, ಒಂದು ಪಕ್ಕ ಪದ್ಮಸಂಭವ, ಇನ್ನೊಂದು ಪಕ್ಕ ಅಮಿತಾಯುಸ್. ಮಗ ಮೊದಲು ನೋಡಿದ್ದು ಚೀವರ ಇದೆಯೇ ಎಂದು. ಇತ್ತು. ನನ್ನ ಕಡೆ ತಿರುಗಿ ನಕ್ಕ.

ಹೊರಗೆ ಕಟ್ಟೆಯ ಮೇಲೆ ಜಪಮಣಿ ಎಣಿಸುತ್ತಿದ್ದ ಮುದುಕಿಯ ಪಕ್ಕದಲ್ಲಿ ಅವ್ವ ಕುಳಿತಿದ್ದಳು. ಇಬ್ಬರೂ ಮಾತಾಡುತ್ತಿದ್ದರು. ಆ ಮುದುಕಿಗೆ ಸಂತೆಯಲ್ಲಿ ಕಲಿತ ಕನ್ನಡ. ಅವ್ವ "ನಿಮ್ಮೂರಿಗೆ ಮತ್ತೆ ಹೋಗಿದ್ರಾ?" ಎಂದು ಕೇಳಿದಳು. ಆಕೆ ಇಲ್ಲವೆಂದು ತಲೆಯಾಡಿಸಿದಳು. "ನಾನು ನಿನ್ನೆ ಹೋಗಿದ್ದೆ" ಎಂದಳು ಅವ್ವ. ಹೇಳಿದ ಮೇಲೆ, ಹೇಳಬಾರದಿತ್ತೇನೋ ಎಂಬಂತೆ ಆಕೆಯ ಕೈ ಮೇಲೆ ಕೈ ಇಟ್ಟಳು.

ಬೆಂಗಳೂರಿಗೆ ಬಂದಾಗ ರಾತ್ರಿ ಹತ್ತು. ಮೂರು ದಿನದ ಪಾಠ ಹೋಗಿತ್ತು. ಮಗ ಅದನ್ನು ಗೆಳೆಯನ ನೋಟ್ಸು ನೋಡಿ ಒಂದೇ ಭಾನುವಾರದಲ್ಲಿ ಬರೆದುಕೊಂಡ. ಹಾಗೆಂದು ಅವನೇನೂ ರಾತ್ರೋರಾತ್ರಿ ಜಾಣನಾಗಲಿಲ್ಲ. ಈಗಲೂ ಓದು ಎಂದರೆ ಮುಖ ಗಂಟು. ಬದಲಾದದ್ದು ಒಂದೇ. ಸಂಜೆ ಲೆಕ್ಕ ಮಾಡುವಾಗ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಬೀಜಗಣಿತ ಅವ್ವನಿಗೆ ತಿಳಿಯದು. ಬಡ್ಡಿ ಲೆಕ್ಕ, ಶೇಕಡ ಲೆಕ್ಕಗಳನ್ನು ಅವನು ಪೆನ್ನು ಎತ್ತುವುದರೊಳಗೆ ಬಾಯಲ್ಲೇ ಹೇಳುತ್ತಾಳೆ. ನಾನು ಗೋಡೆಗೊರಗಿ ಕೂತು ನೋಡುತ್ತೇನೆ.

ತಂದೆತಾಯಂದಿರಲ್ಲಿ ಒಂದು ಮಾತು. ಮಕ್ಕಳಿಗೆ ಚರಿತ್ರೆ ತೋರಿಸಲು ಹೊರಟಾಗ ಮನೆಯ ಹಿರಿಯರನ್ನೂ ಕಾರಿನಲ್ಲಿ ಕೂರಿಸಿಕೊಳ್ಳಿ. ಮುಂದಿನ ಸೀಟು ಅವರಿಗೇ ಇರಲಿ.

ಜೂನ್ ಕೊನೆಗೆ ಮಲೆನಾಡಿನಲ್ಲಿ ಮಳೆ ಹಿಡಿಯಿತು. ಪತ್ರಿಕೆಯಲ್ಲಿ ಜಲಾಶಯಗಳ ನೀರಿನ ಮಟ್ಟ ಬರುತ್ತದಲ್ಲ, ನಮ್ಮ ಮನೆಯಲ್ಲಿ ಅದನ್ನು ಯಾರೂ ಓದಿದವರಲ್ಲ. ಈಗ ಶಾಲೆಗೆ ಹೊರಡುವ ಮುನ್ನ ಮಗ ಹೇಮಾವತಿಯ ಸಾಲನ್ನು ಗಟ್ಟಿಯಾಗಿ ಓದುತ್ತಾನೆ. ಅವನ ಮೇಜಿನ ಮೇಲೆ ಆ ಹೆಂಚಿನ ಚೂರು ಕಾಗದ ಹಾರದಂತೆ ಕೂತಿದೆ. ಅವ್ವ ಒಲೆಯ ಮುಂದಿನಿಂದಲೇ ಕೇಳುತ್ತಾಳೆ:

"ಇಸ್ಕೂಲು ಮುಳುಗಿರಬೇಕು ಅಲ್ವಾ ಮಗಾ?"

"ಇನ್ನೂ ಇಲ್ಲ ಅಜ್ಜಿ. ನಾಳೆ ನೋಡೋಣ" ಎನ್ನುತ್ತಾನೆ ಅವನು.