ಹಿಮಕರಡಿಯಿಂದ 300 ಮೀಟರ್ ದೂರದಲ್ಲಿ

ಭೂಪಟದ ನೆತ್ತಿಯಲ್ಲಿ, ನಾರ್ವೆ ದೇಶದ ಉತ್ತರ ತುದಿಗೂ ಉತ್ತರ ಧ್ರುವಕ್ಕೂ ಹೆಚ್ಚುಕಡಿಮೆ ನಡುವೆ, ಸ್ವಾಲ್ಬಾರ್ಡ್ ಎಂಬ ದ್ವೀಪಸಮೂಹವಿದೆ. ನೆಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹಿಮನದಿಗಳು ಹೊದ್ದು ಮಲಗಿವೆ. ಮರವೆಂಬುದು ಇಲ್ಲ. ಅಲ್ಲಿಯ ವಿಲ್ಲೋ ಗಿಡ ಬೆರಳುದ್ದ ಬೆಳೆದರೆ ಅದೇ ದೊಡ್ಡದು. ಇಲ್ಲಿನ ಮುಖ್ಯ ಊರಾದ ಲಾಂಗ್‌ಯಿಯರ್‌ಬ್ಯೆನ್‌ನಲ್ಲಿ ಏಪ್ರಿಲ್ ಮೂರನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ರಾತ್ರಿ ಹನ್ನೆರಡಕ್ಕೂ ಬಿಸಿಲು. ಮಲಗುವವರು ಕಿಟಕಿಗೆ ದಪ್ಪ ಪರದೆ ಎಳೆದುಕೊಳ್ಳಬೇಕು.

ಈ ನಾಲ್ಕು ತಿಂಗಳ ಹಗಲನ್ನು ನಂಬಿಕೊಂಡು ಸಣ್ಣ ಹಡಗುಗಳು ಇಲ್ಲಿಂದ ಹೊರಡುತ್ತವೆ. ಈಜುಕೊಳ, ನಾಟ್ಯಮಂದಿರ, ಜೂಜುಕಟ್ಟೆಗಳಿರುವ ತೇಲುವ ಅರಮನೆಗಳಲ್ಲ ಇವು. ಹಲವು ಹಡಗುಗಳು ಹಿಂದೊಮ್ಮೆ ಕರಾವಳಿಯ ಸಾಗಾಣಿಕೆಗೋ ಸಮುದ್ರ ಸಂಶೋಧನೆಗೋ ದುಡಿದು, ನಂತರ ವೇಷ ಬದಲಿಸಿದಂಥವು. ಹನ್ನೆರಡು ಜನರನ್ನು ಒಯ್ಯುವುದರಿಂದ ಹಿಡಿದು ನೂರಿನ್ನೂರು ಜನರನ್ನು ಒಯ್ಯುವವರೆಗೆ ಇವುಗಳ ಗಾತ್ರ. ಟಿಕೆಟಿಗೆ ಹಲವು ಲಕ್ಷ ರೂಪಾಯಿ. ಅಷ್ಟು ಕೊಟ್ಟವನಿಗೂ ನಾಳೆ ಹಡಗು ಎಲ್ಲಿ ನಿಲ್ಲುತ್ತದೆ ಎಂಬ ಖಾತರಿಯಿಲ್ಲ. ಗಾಳಿ, ಮಂಜು, ತೇಲುವ ಹಿಮಗಡ್ಡೆಗಳನ್ನು ನೋಡಿ ಕಪ್ತಾನ ದಿನಾ ತೀರ್ಮಾನಿಸುತ್ತಾನೆ. ಸಂಜೆ ಗೋಡೆಗೆ ಅಂಟಿಸಿದ ಕಾರ್ಯಕ್ರಮ ಬೆಳಗಾಗುವಷ್ಟರಲ್ಲಿ ಬದಲಾಗಿದ್ದರೆ ಯಾರೂ ಗೊಣಗುವಂತಿಲ್ಲ.

ಭಾರತೀಯರಿಗೆ ಒಂದು ಸ್ವಾರಸ್ಯದ ಸಂಗತಿ. 1920ರ ಫೆಬ್ರವರಿ 9ರಂದು ಪ್ಯಾರಿಸ್‌ನಲ್ಲಿ ಆದ ಒಪ್ಪಂದದಂತೆ ಸ್ವಾಲ್ಬಾರ್ಡ್ ನಾರ್ವೆಗೆ ಸೇರಿತು. ಆ ಒಪ್ಪಂದದಲ್ಲಿ ಅಂದಿನ ಬ್ರಿಟಿಷ್ ಇಂಡಿಯಾ ಕೂಡ ಭಾಗಿ. ಇಂದಿಗೂ ಸ್ವಾಲ್ಬಾರ್ಡಿಗೆ ವೀಸಾ ಬೇಡ. ಆದರೆ ಅಲ್ಲಿಗೆ ವಿಮಾನ ಹಿಡಿಯುವುದು ನಾರ್ವೆಯಿಂದ. ಅಲ್ಲಿ ಇಳಿಯಲು ಷೆಂಗೆನ್ ವೀಸಾ ಬೇಕು, ಅದೂ ಎರಡು ಸಲ ಪ್ರವೇಶಕ್ಕೆ! ಮನೆಗೆ ಬೀಗವಿಲ್ಲ, ಗೇಟಿಗೆ ಮಾತ್ರ ಎರಡು ಬೀಗ ಎಂದಂತಾಯಿತು.

ಹಡಗಿನಿಂದ ಕೆಳಗಿಳಿದು ನೀರಿಗೆ ಹತ್ತಿರವಾಗಲು ಇರುವ ಒಳ್ಳೆಯ ದಾರಿ ಕಯಾಕ್. ಗ್ರೀನ್‌ಲ್ಯಾಂಡ್ ಮತ್ತು ಉತ್ತರ ಅಮೆರಿಕದ ಇನ್ಯುಯಿಟ್ ಜನ ತೇಲಿಬಂದ ಮರದ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಬೇಟೆಗೆ ಮಾಡಿಕೊಂಡ ದೋಣಿ ಅದು. ಸ್ವಾಲ್ಬಾರ್ಡಿನಲ್ಲಿ ಇನ್ಯುಯಿಟರು ಎಂದೂ ನೆಲೆಸಿರಲಿಲ್ಲ. ಅವರ ಬೇಟೆಯ ದೋಣಿ ಪ್ಲಾಸ್ಟಿಕ್ ಮೈ ಪಡೆದು, ಇಲ್ಲಿ ಸುಮ್ಮನೆ ನೋಡುವವರ ದೋಣಿಯಾಗಿದೆ.

ನೀರಿಗಿಳಿಯುವ ಮೊದಲು ಸಿದ್ಧತೆ ಸಾಕಷ್ಟಿದೆ. ನೀರು ಒಳಸೇರದಂತೆ ಕತ್ತು, ಮಣಿಕಟ್ಟುಗಳಲ್ಲಿ ರಬ್ಬರಿನಿಂದ ಬಿಗಿದ ‘ಡ್ರೈ ಸೂಟ್’ ತೊಡಬೇಕು, ಅದರೊಳಗೆ ಉಣ್ಣೆ. ಇಲ್ಲಿಯ ನೀರು ಘನೀಭವಿಸುವ ಬಿಂದುವಿಗಿಂತ ಕೆಲವೇ ಡಿಗ್ರಿ ಮೇಲೆ. ಬರಿಗೈ ಅದ್ದಿದರೆ ಕೆಲವೇ ನಿಮಿಷಗಳಲ್ಲಿ ಬೆರಳು ಮಾತು ಕೇಳುವುದಿಲ್ಲ. ಮಾರ್ಗದರ್ಶಿಗಳು ಮೊದಲು ರಬ್ಬರ್ ದೋಣಿಯಲ್ಲಿ ಹೋಗಿ ದುರ್ಬೀನಿನಿಂದ ದಡವನ್ನು ಗುಡ್ಡಗುಡ್ಡವಾಗಿ ಹುಡುಕುತ್ತಾರೆ. ಹೆಗಲಿಗೆ ಬಂದೂಕು, ಸೊಂಟದಲ್ಲಿ ಬೆದರಿಸುವ ಸಿಡಿಗುಂಡಿನ ಪಿಸ್ತೂಲು. ಕರಡಿ ಕಂಡರೆ ಕಾರ್ಯಕ್ರಮ ರದ್ದು. ಇಲ್ಲದಿದ್ದರೆ ಹತ್ತು ಹದಿನೈದು ಜನ ಜೋಡಿ ಜೋಡಿಯಾಗಿ ಕುಳಿತು ಹುಟ್ಟು ಹಾಕುತ್ತಾರೆ.

ಲೀಫ್ಡೆ ಫಿಯರ್ಡ್ ಎಂಬ ಕೊಲ್ಲಿಯ ತಲೆಯಲ್ಲಿ ಮೊನಾಕೊ ಹಿಮನದಿ ಕಡಲಿಗೆ ಬಂದು ನಿಲ್ಲುತ್ತದೆ. ಸಾಗರ ವಿಜ್ಞಾನಿಯೂ ಆಗಿದ್ದ ಮೊನಾಕೊ ರಾಜ ಒಂದನೆಯ ಆಲ್ಬರ್ಟನ ನೆನಪಿನ ಹೆಸರು ಅದು. ಎಂಜಿನ್ ಸದ್ದಿಲ್ಲದ ಕಯಾಕಿನಲ್ಲಿ ಮೊದಲು ಕೇಳುವುದು ಚಟಪಟ ಶಬ್ದ, ಕಾದ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಸುತ್ತ ತೇಲುವ ಹಿಮದ ತುಂಡುಗಳಿಂದ ಬರುವ ಸದ್ದು ಅದು. ನೂರಾರು ವರ್ಷಗಳ ಹಿಂದೆ ಬಿದ್ದ ಹಿಮದ ನಡುವೆ ಸಿಕ್ಕ ಗಾಳಿ ಮೇಲಿನ ಭಾರಕ್ಕೆ ಒತ್ತಿ ಗುಳ್ಳೆಯಾಗಿ ಕುಳಿತಿರುತ್ತದೆ. ಹಿಮ ಕರಗಿದಂತೆ ಗೋಡೆ ತೆಳುವಾಗಿ, ಗುಳ್ಳೆ ಪಟ್ಟನೆ ಒಡೆಯುತ್ತದೆ. ಗುಳ್ಳೆ ಕಡಿಮೆಯಿರುವ ಹಳೆಯ ಮಂಜುಗಡ್ಡೆ ನೀಲಿಯಾಗಿ ಕಾಣುವುದು ಇನ್ನೊಂದು ಕಾರಣಕ್ಕೆ. ಬೆಳಕು ಅದರೊಳಗೆ ದೂರ ಸಾಗುವಾಗ ಕೆಂಪು ಹೀರಲ್ಪಟ್ಟು ನೀಲಿ ಉಳಿಯುತ್ತದೆ.

ಹಿಮನದಿಯ ಎದುರುಗೋಡೆಗೆ ಕಯಾಕ್ ಹತ್ತಿರ ಹೋಗುವಂತಿಲ್ಲ. ಮನೆಯಷ್ಟು ದೊಡ್ಡ ತುಂಡು ಕಳಚಿ ಬಿದ್ದರೆ ಅಲೆ ಎದ್ದು ಬರುತ್ತದೆ. ದೂರದಿಂದ ನೋಡುವವರಿಗೆ ಹಿಮ ಬೀಳುವುದು ಮೊದಲು ಕಾಣುತ್ತದೆ, ಗುಡುಗು ಆಮೇಲೆ ಕೇಳುತ್ತದೆ. ನಡುವೆ ಎರಡು ಸೆಕೆಂಡ್ ಎಣಿಸಿದರೆ ಗೋಡೆ ಸುಮಾರು 660 ಮೀಟರ್ ದೂರದಲ್ಲಿದೆ ಎಂದರ್ಥ. ಶಾಲೆಯ ಪಾಠ ಇಷ್ಟು ಸೊಗಸಾಗಿ ಬೇರೆಲ್ಲೂ ಸಿಗಲಾರದು. ಗೋಡೆಯ ಬುಡದಲ್ಲಿ ಕಿಟ್ಟಿವೇಕ್ ಹಕ್ಕಿಗಳ ಗದ್ದಲ. ಹಿಮನದಿಯಡಿಯಿಂದ ಬರುವ ಸಿಹಿನೀರು ಮೇಲೇರುವಾಗ ಆಳದ ಸಣ್ಣ ಜೀವಿಗಳನ್ನು ಎತ್ತಿ ತರುತ್ತದೆ. ಹಕ್ಕಿಗಳಿಗೆ ಅದೇ ಊಟದ ಎಲೆ.

ಪೂರ್ವಕ್ಕೆ ಹಿನ್‌ಲೋಪನ್ ಜಲಸಂಧಿಯಲ್ಲಿ ಆಲ್ಕೆಫ್ಯೆಲ್ಲೆಟ್ ಎಂಬ ಕಪ್ಪು ಬಂಡೆಗೋಡೆಯಿದೆ. ಬ್ರ್ಯೂನಿಕ್ ಗಿಲಮಟ್ ಹಕ್ಕಿಗಳ ಸುಮಾರು 60 ಸಾವಿರ ಜೋಡಿಗಳಿಗೆ ಅದು ತವರು. ಗೂಡು ಕಟ್ಟುವ ಗೋಜಿಲ್ಲ, ಅಂಗೈಯಗಲದ ಬರಿಗಲ್ಲಿನ ಮೇಲೆ ಒಂದೇ ಮೊಟ್ಟೆ. ಮರಿ ಹುಟ್ಟಿ ಮೂರು ವಾರವಾದಾಗ, ಇನ್ನೂ ಸರಿಯಾಗಿ ಹಾರಲು ಬಾರದೆ, ಅಷ್ಟೆತ್ತರದಿಂದ ಕಡಲಿಗೆ ಧುಮುಕುತ್ತದೆ. ಕೆಳಗೆ ಅಪ್ಪ ಕೂಗಿ ಕರೆಯುತ್ತಿರುತ್ತದೆ. ಗುರಿ ತಪ್ಪಿ ನೆಲಕ್ಕೆ ಬಿದ್ದರೆ ಹಿಮನರಿ ಕಾದಿರುತ್ತದೆ. ಅಪ್ಪ ಮರಿ ಇಬ್ಬರೂ ನಂತರ ಈಜಿಕೊಂಡೇ ವಲಸೆ ಆರಂಭಿಸುತ್ತಾರೆ.

ಆದರೆ ಹಡಗಿನ ಅಷ್ಟೂ ಜನ ಬಂದಿರುವುದು ಹಿಮಕರಡಿಗಾಗಿ. ಧ್ವನಿವರ್ಧಕದಲ್ಲಿ ಆ ಹೆಸರು ಬಂತೆಂದರೆ ಊಟದ ತಟ್ಟೆ ಬಿಟ್ಟು ಎಲ್ಲರೂ ಅಟ್ಟಕ್ಕೆ ಓಡುತ್ತಾರೆ. ಈಗ ಅಲ್ಲಿ ಕಾಣುವುದು ಏನು? ದೂರದ ದಡದಲ್ಲಿ ಹಳದಿ ಮಿಶ್ರಿತ ಒಂದು ಚುಕ್ಕೆ. 2025ರ ಜನವರಿ 1ರಿಂದ ನಾರ್ವೆ ಹೊಸ ನಿಯಮ ಜಾರಿಗೆ ತಂದಿದೆ. ಮಾರ್ಚ್‌ನಿಂದ ಜೂನ್ ಕೊನೆಯವರೆಗೆ ಕರಡಿಯಿಂದ 500 ಮೀಟರ್, ಉಳಿದ ತಿಂಗಳುಗಳಲ್ಲಿ 300 ಮೀಟರ್ ದೂರದಲ್ಲಿರಬೇಕು. ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಬರುವಂತಿಲ್ಲ. ಅಲ್ಲಿ ದಡಕ್ಕಿಳಿಯಲು ಗುರುತಿಸಿರುವ ಜಾಗಗಳು 43 ಮಾತ್ರ.

ಇದರಿಂದ ಪ್ರವಾಸಿ ಹಡಗುಗಳವರಿಗೆ ಅಸಮಾಧಾನವಾಗಿದೆ. ಕರಡಿಯನ್ನು ಹತ್ತಿರದಿಂದ ಕಂಡವನೇ ಅದರ ಪರ ಮಾತನಾಡುತ್ತಾನೆ ಎಂಬುದು ಅವರ ವಾದ. ವಾದ ಪೂರ್ತಿ ಪೊಳ್ಳಲ್ಲ. ಆದರೆ ಕರಡಿಯ ಕಡೆಯಿಂದ ಲೆಕ್ಕ ಹಾಕಿದರೆ ಬೇರೆಯೇ ಉತ್ತರ ಬರುತ್ತದೆ. ಅದರ ಮುಖ್ಯ ಆಹಾರ ಸೀಲ್, ಸೀಲ್ ಹಿಡಿಯಲು ಕಡಲ ಮೇಲೆ ಹೆಪ್ಪುಗಟ್ಟಿದ ಹಿಮ ಬೇಕು. ಈ ಪ್ರದೇಶ ಜಗತ್ತಿನ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಬಿಸಿಯಾಗುತ್ತಿದ್ದು, ಹಿಮ ಬೇಗ ಕರಗುತ್ತದೆ, ತಡವಾಗಿ ಕಟ್ಟುತ್ತದೆ. ಬೇಸಗೆಯಲ್ಲಿ ದಡದಲ್ಲೇ ಉಳಿದ ಕರಡಿಗಳು ಬಾತು, ಹೆಬ್ಬಾತುಗಳ ಮೊಟ್ಟೆ ತಿಂದು ದಿನ ನೂಕುತ್ತವೆ. ಅಂಥದ್ದನ್ನು ಒಂದು ಹಡಗು ಎಬ್ಬಿಸಿ ಓಡಿಸಿದರೆ ಅದು ಉಳಿಸಿಕೊಂಡ ಕೊಬ್ಬು ಅಷ್ಟು ಕರಗುತ್ತದೆ. ಮರುದಿನ ಇನ್ನೊಂದು ಹಡಗು ಬರುತ್ತದೆ.

2018ರ ಜುಲೈನಲ್ಲಿ ಉತ್ತರ ತುದಿಯ ದ್ವೀಪವೊಂದರಲ್ಲಿ, ಪ್ರವಾಸಿಗರು ಇಳಿಯುವ ಮೊದಲು ದಡ ನೋಡಲು ಹೋದ ಹಡಗಿನ ಕಾವಲುಗಾರನ ಮೇಲೆ ಕರಡಿ ಎರಗಿತು. ಆತ ಗಾಯಗೊಂಡು ಬದುಕಿದ. ಜೊತೆಯವರ ಗುಂಡಿಗೆ ಕರಡಿ ಸತ್ತಿತು. ನೋಡಲು ಬಂದವರಿಂದಲೇ ನೋಡಬೇಕಾದದ್ದು ಹೋಯಿತು.

ಬಿಟ್ಟರೆ ಜೀವಿಗಳು ಮರಳುತ್ತವೆ ಎಂಬುದಕ್ಕೆ ವಾಲ್ರಸ್ ಸಾಕ್ಷಿ. ದಂತ ಮತ್ತು ಕೊಬ್ಬಿಗಾಗಿ ಮೂರು ಶತಮಾನ ಕೊಂದು, ಬೆರಳೆಣಿಕೆಯಷ್ಟು ಉಳಿದಾಗ, 1952ರಲ್ಲಿ ನಾರ್ವೆ ರಕ್ಷಣೆ ಕೊಟ್ಟಿತು. ಈಗ ಅವು ಮತ್ತೆ ಸಾವಿರಗಳಲ್ಲಿವೆ, ಮರಳದಂಡೆಯಲ್ಲಿ ಒಂದರ ಮೇಲೊಂದು ಬಿದ್ದು ಗೊರಕೆ ಹೊಡೆಯುತ್ತವೆ. 17ನೆಯ ಶತಮಾನದಲ್ಲಿ ಡಚ್ಚರು ತಿಮಿಂಗಿಲದ ಕೊಬ್ಬು ಕುದಿಸಿದ ಸ್ಮೇರೆನ್‌ಬುರ್ಗ್‌ನಲ್ಲಿ ಒಲೆಗಳ ಗುರುತು ಇನ್ನೂ ಇದೆ. ಬೋಹೆಡ್ ತಿಮಿಂಗಿಲಗಳು ಮಾತ್ರ ಹಾಗೆ ಮರಳಲಿಲ್ಲ.

ಹೆಚ್ಚಿನ ಹಡಗುಗಳು ನ್ಯೂ ಆಲೆಸುಂಡ್ ಎಂಬ ಸಂಶೋಧನಾ ಹಳ್ಳಿಗೂ ಹೋಗುತ್ತವೆ. ಭಾರತದ ‘ಹಿಮಾದ್ರಿ’ ಕೇಂದ್ರ 2008ರ ಜುಲೈನಿಂದ ಅಲ್ಲಿದೆ. ಸೂಕ್ಷ್ಮ ಉಪಕರಣಗಳಿಗೆ ತೊಂದರೆಯಾಗದಂತೆ ಪ್ರವಾಸಿಗರು ಮೊಬೈಲ್ ಫೋನಿನ ಸಂಪರ್ಕಗಳನ್ನೆಲ್ಲ ಆರಿಸಿ ಇಳಿಯಬೇಕು. ಸೆಪ್ಟೆಂಬರ್ ಮುಗಿಯುವಾಗ ಹಡಗುಗಳು ದಕ್ಷಿಣಕ್ಕೆ ತಿರುಗುತ್ತವೆ, ಅಕ್ಟೋಬರ್ ಕೊನೆಗೆ ಸೂರ್ಯನೂ. 2023ರ ಡಿಸೆಂಬರ್‌ನಲ್ಲಿ ಭಾರತ ಮೊದಲ ಬಾರಿ ಆ ಕತ್ತಲಿಗೇ ತಂಡ ಕಳುಹಿಸಿತು. ನಾಲ್ವರಲ್ಲಿ ಒಬ್ಬರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು. ಆಕಾಶದಿಂದ ಬರುವ ಕ್ಷೀಣ ರೇಡಿಯೊ ಅಲೆಗಳನ್ನು ಆಲಿಸಲು ಆ ಜಾಗ ಎಷ್ಟು ನಿಶ್ಶಬ್ದವಾಗಿದೆ ಎಂದು ಅಳೆಯುವುದು ಅವರ ಕೆಲಸವಾಗಿತ್ತು.